ಕೊಟ್ರಮ್ಮನವರ ಮೇಣದ ಬಿಲ್ಲೆ

ಪೆಥಾಲಜಿಗೆ ಸೀಟು ಸಿಕ್ಕಿತೆಂದು ಅಳುತ್ತಾ ಬರುವವರು ಈಗಲೂ ಇದ್ದಾರಂತೆ. ಮೊನ್ನೆ ನಮ್ಮ ಹಳೇ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದಳು. ಕಾಫಿ ಲೋಟ ಹಿಡಿದು ಮುಖ ಇಳಿಬಿಟ್ಟುಕೊಂಡು ಹೇಳಿದಳು: "ಮೇಡಂ, ನನ್ನ ಫ್ರೆಂಡ್ಸ್ ಎಲ್ಲಾ ಮೆಡಿಸಿನ್ನು, ರೇಡಿಯಾಲಜಿ ಅಂತ ಹೋದ್ರು. ನಾನೊಬ್ಳು ಈ ಫಾರ್ಮಲಿನ್ ವಾಸನೆಗೆ ಬಂದು ಬಿದ್ದೆ." ನನಗೆ ನಗು ತಡೆಯಲಾಗಲಿಲ್ಲ. ನಾನು ಬಂದು ಬಿದ್ದದ್ದೂ ಹಾಗೆಯೇ. ಬಿದ್ದ ಜಾಗದಲ್ಲೇ ನಿವೃತ್ತಿಯವರೆಗೆ ಆರಾಮಾಗಿ ಕೂತಿದ್ದೆ.

ಅವಳಿಗೆಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಕುರ್ಚಿಗೆ ಏರಿದೆ ಎಂಬುದು ನನಗೇ ಬೇಸರ ತರುವ ವಿಷಯ, ಅದನ್ನು ಬಿಟ್ಟುಬಿಡೋಣ. ದಾವಣಗೆರೆಯ ಒಂದು ಆಸ್ಪತ್ರೆಯ ಹಿಂಭಾಗದಲ್ಲಿ, ಕ್ಯಾಂಟೀನಿಗೂ ಶವಾಗಾರಕ್ಕೂ ನಡುವೆ ನಮ್ಮ ಲ್ಯಾಬ್ ಇತ್ತು. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆ, ಕರುಳು, ಗರ್ಭಕೋಶ ಎಲ್ಲವೂ ಡಬ್ಬಿಯಲ್ಲಿ ಅಲ್ಲಿಗೆ ಬರುತ್ತಿದ್ದವು. ಅದರಿಂದ ಸಣ್ಣ ಸಣ್ಣ ತುಂಡು ತೆಗೆದು ಮೇಣದಲ್ಲಿ ಕೂರಿಸಬೇಕು. ಹಾಗೆ ಕೂರಿಸಿದ ಬಿಲ್ಲೆಗೆ ಬ್ಲಾಕ್ ಎನ್ನುತ್ತೇವೆ. ಬ್ಲಾಕನ್ನು ಈರುಳ್ಳಿಯ ಪೊರೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಹಾಸಿ, ಬಣ್ಣ ಕೊಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ನಮ್ಮ ಕೆಲಸ. ರೋಗಿಯ ಮುಖ ನಮಗೆ ಕಾಣುವುದಿಲ್ಲ. ರೋಗಿಗೂ ನಮ್ಮ ಮುಖ ಗೊತ್ತಿರುವುದಿಲ್ಲ. ಈ ಏರ್ಪಾಡು ನನ್ನಂಥ ನಾಚಿಕೆ ಸ್ವಭಾವದವಳಿಗೆ ಹೇಳಿ ಮಾಡಿಸಿದಂತಿತ್ತು.

ನಾನು ಸೇರಿದಾಗಿನ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ಆಳು ಕುಳ್ಳು, ದನಿ ಮಾತ್ರ ಕ್ಯಾಂಟೀನಿನವರೆಗೆ ಕೇಳುತ್ತಿತ್ತು. ಕರುಳಿನ ಡಬ್ಬಿ ಬಂದರೆ ಅವರಿಗೆ ಹಬ್ಬ. ಮೊದಲ ದಿನವೇ ನನ್ನನ್ನು ನಲ್ಲಿಯ ಮುಂದೆ ನಿಲ್ಲಿಸಿ, ಉದ್ದಕ್ಕೆ ಸೀಳಿದ ಕರುಳನ್ನು ಕೈಗೆ ಕೊಟ್ಟು ತೊಳೆಯಲು ಹೇಳಿದರು. ನಾನು ಮೂಗು ಮುಚ್ಚಲು ಕೈ ಖಾಲಿ ಇಲ್ಲದೆ ಒದ್ದಾಡುತ್ತಿದ್ದೆ. "ಮನ್ಯಾಗೆ ಅಕ್ಕಿ ತೊಳಿಯಲ್ವೇನಮ್ಮಾ? ಹಂಗೇ. ಉಜ್ಜಬ್ಯಾಡ, ನೀರು ಬಿಟ್ಟು ಆಡ್ಸು" ಎಂದರು. ಮೊದಲು ಕಣ್ಣಿನಿಂದ ನೋಡಬೇಕು, ಆಮೇಲೆ ಬೆರಳಿನಿಂದ ಮುಟ್ಟಬೇಕು, ಕಡೆಗೆ ಮೈಕ್ರೋಸ್ಕೋಪಿನ ಹತ್ತಿರ ಹೋಗಬೇಕು ಎಂಬುದು ಅವರ ನೇಮ. ಮಧ್ಯಾಹ್ನ ಅದೇ ಬೆರಳಿನಿಂದ ಬೆಣ್ಣೆದೋಸೆ ಮುರಿಯುತ್ತಾ, "ಈ ಗೆಡ್ಡೆ ಅಂಚು ಎಷ್ಟು ಮೆತ್ತಗಿತ್ತು ನೋಡಿದ್ಯೇನು?" ಎಂದು ಹೋಟೆಲಿನಲ್ಲಿ ಗಟ್ಟಿಯಾಗಿ ಕೇಳುವರು. ಪಕ್ಕದ ಟೇಬಲಿನವರು ತಟ್ಟೆ ಸರಿಸಿ ಎದ್ದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಕಾಲದಲ್ಲಿ ಡಬ್ಬಿಗಳನ್ನು ರೋಗಿಯ ಕಡೆಯವರೇ ಹೊತ್ತು ತರುತ್ತಿದ್ದರು. ಹೊಳೆಯಾಚೆಯ ಒಂದು ನರ್ಸಿಂಗ್ ಹೋಮಿನಿಂದ ಒಬ್ಬ ರೈತ ತನ್ನ ಅಣ್ಣನ ಕರುಳಿನ ತುಂಡನ್ನು ಹೀಗೆಯೇ ಬಸ್ಸಿನಲ್ಲಿ ತಂದ. ಮುಚ್ಚಳ ತೆಗೆದರೆ ಕೊಳೆತ ವಾಸನೆ. ಕೆಡದಂತೆ ತುಂಬಿಸಿಟ್ಟಿದ್ದ ಫಾರ್ಮಲಿನ್ ಎಲ್ಲಿ ಹೋಯಿತು ಎಂದು ದೊಡ್ಡ ಸರ್ ಕೇಳಿದರು. ಆತ ಹೆಮ್ಮೆಯಿಂದಲೇ ಹೇಳಿದ: "ಬಸ್ಸಿನಾಗೆ ಜನ ಕಣ್ಣು ಉರಿ ಅಂತ ಬೈದ್ರು ಸಾಹೇಬ್ರ. ಹರಿಹರದ ಸೇತುವೆ ತಾವ ಇಳಿದು ಆ ಹಾಳು ನೀರು ಚೆಲ್ಲಿ, ಹೊಳಿ ನೀರು ತುಂಬ್ಕಂಡು ಬಂದೀನಿ. ತಿಳಿ ನೀರು."

ಈಗ ಕಟ್ಟಡ ಬೀಳುತ್ತದೆ ಎಂದು ನಾವೆಲ್ಲ ಕಿವಿ ಮುಚ್ಚಿಕೊಳ್ಳಲು ತಯಾರಾದೆವು. ದೊಡ್ಡ ಸರ್ ಕೂಗಾಡಲಿಲ್ಲ. "ಹೊಳಿ ನೀರು ದೇವರಿಗೆ ಆಗ್ತದ ಕಣಪ್ಪಾ, ಕರುಳಿಗೆ ಆಗಂಗಿಲ್ಲ" ಎಂದು ಮೆಲ್ಲಗೆ ಹೇಳಿ, ಉಳಿದದ್ದರಲ್ಲಿ ಆಯ್ದು ಆಯ್ದು ತುಂಡು ತೆಗೆದರು. ಮರುದಿನದಿಂದ ಪ್ರತಿ ಡಬ್ಬಿಯ ಮೇಲೆ "ಈ ನೀರು ಚೆಲ್ಲಬೇಡಿ" ಎಂಬ ಕನ್ನಡದ ಚೀಟಿ ಅಂಟಿತು. ಜನ ತಪ್ಪು ಮಾಡಿದರೆ ನಾವು ಹೇಳಿರಲಿಲ್ಲ ಎಂದು ಅರ್ಥ, ಅಷ್ಟೇ ಅವರ ಲೆಕ್ಕ. ಈ ಚೀಟಿಯ ವಿಷಯ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ನನ್ನ ಕಾಲದಲ್ಲೇ ಕೆಲಸದ ರೀತಿ ಎಷ್ಟು ಬದಲಾಯಿತು ಎಂದು ನೆನೆದರೆ ಈಗಲೂ ಸಂತೋಷವಾಗುತ್ತದೆ. ಮೊದಲು ನಮಗೆ ಗೊತ್ತಿದ್ದದ್ದು ನೀಲಿ ಮತ್ತು ಗುಲಾಬಿ, ಎರಡೇ ಬಣ್ಣ. ಅಷ್ಟರಲ್ಲೇ ಎಲ್ಲ ರೋಗವನ್ನೂ ಹಿಡಿಯಬೇಕಿತ್ತು. ದೊಡ್ಡ ಸರ್ ನಿವೃತ್ತರಾಗಿ ನಾನು ಅವರ ಜಾಗಕ್ಕೆ ಬಂದ ಮೇಲೆ ಕಂದು ಬಣ್ಣ ಬಂತು. ಇದರಲ್ಲಿ ಬೇಕಾದ ಪ್ರೋಟೀನನ್ನು ಹೆಸರು ಹಿಡಿದು ಕರೆದಂತೆ ಹುಡುಕಬಹುದು. ಅದು ಜೀವಕೋಶದಲ್ಲಿ ಇದ್ದರೆ ಕಂದು ಬಣ್ಣ ಹತ್ತುತ್ತದೆ, ಇಲ್ಲದಿದ್ದರೆ ಖಾಲಿ. ನಮ್ಮ ಟೆಕ್ನಿಷಿಯನ್ ನಾಗರಾಜ ಮೊದಲ ಕಂದು ಸ್ಲೈಡ್ ನೋಡಿ, "ಮೇಡಂ, ಕಾಫಿ ಚೆಲ್ಲಿದಂಗೈತೆ" ಎಂದಿದ್ದ.

ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಹೀಗೆ ಕೆಲವು ಪ್ರೋಟೀನುಗಳನ್ನು ಹುಡುಕುತ್ತೇವೆ. ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳುತ್ತದೆ. ನಕಲು ಮಾಡುವಾಗ ಅಲ್ಲಲ್ಲಿ ತಪ್ಪಾಗುತ್ತದೆ. ಆ ತಪ್ಪನ್ನು ತಿದ್ದುವುದೇ ಈ ಪ್ರೋಟೀನುಗಳ ಕೆಲಸ. ಅವುಗಳಲ್ಲಿ ಒಂದರ ಹೆಸರು, ಅಂಕಿಯೂ ಸೇರಿ, ಎಂಎಲ್‌ಎಚ್ ಒಂದು. ಅದು ಇಲ್ಲವಾದರೆ ತಪ್ಪಿನ ಮೇಲೆ ತಪ್ಪು ಕೂಡುತ್ತಾ ಹೋಗಿ ಕಡೆಗೆ ಗೆಡ್ಡೆಯಾಗುತ್ತದೆ. ಇಲ್ಲವಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಆ ಪ್ರೋಟೀನನ್ನು ಮಾಡುವ ಜೀನ್ ಹುಟ್ಟಿನಿಂದಲೇ ಕೆಟ್ಟಿರಬಹುದು. ಹಾಗಿದ್ದರೆ ಅದು ತಾಯಿ ತಂದೆಯಿಂದ ಬಂದದ್ದು, ಮಕ್ಕಳಿಗೂ ಹೋಗಬಹುದು. ಹೆಣ್ಣುಮಕ್ಕಳಿಗೆ ಗರ್ಭಕೋಶದ ಕ್ಯಾನ್ಸರಿನ ಭಯವೂ ಇರುತ್ತದೆ. ಇನ್ನೊಂದು, ಜೀನ್ ಸರಿಯಾಗಿಯೇ ಇದ್ದು, ವಯಸ್ಸಾದಂತೆ ಕರುಳಿನ ಆ ಜಾಗದಲ್ಲಿ ಮಾತ್ರ ಅದರ ಬಾಯಿ ಮುಚ್ಚಿಹೋಗಿರಬಹುದು. ಮೀಥೈಲ್ ಎಂಬ ಚಿಕ್ಕ ರಾಸಾಯನಿಕ ತುಣುಕುಗಳು ಜೀನಿನ ಬಾಗಿಲಲ್ಲಿ ಸಾಲಾಗಿ ಬಂದು ಕೂತುಬಿಡುತ್ತವೆ. ಜೀನಿನ ಅಕ್ಷರ ಒಂದೂ ಬದಲಾಗಿರುವುದಿಲ್ಲ, ಆದರೆ ಜೀವಕೋಶಕ್ಕೆ ಅದನ್ನು ಓದಲು ಆಗುವುದಿಲ್ಲ. ಇದು ಮಕ್ಕಳಿಗೆ ಹೋಗುವ ಮಾತು ಇಲ್ಲವೆನ್ನುವಷ್ಟು ಅಪರೂಪ. ಕಂದು ಬಣ್ಣದ ಪರೀಕ್ಷೆಯಲ್ಲಿ ಎರಡೂ ಒಂದೇ ಥರ ಖಾಲಿಯಾಗಿ ಕಾಣುತ್ತವೆ. ಯಾವುದು ಯಾವುದೆಂದು ತಿಳಿಯಲು ಬ್ಲಾಕನ್ನು ಬೆಂಗಳೂರಿಗೆ ಕಳಿಸಿ ಬೇರೆ ಪರೀಕ್ಷೆ ಮಾಡಿಸಬೇಕಿತ್ತು.

ಪಾಠ ಸಾಕು. ಕೊಟ್ರಮ್ಮನವರ ವಿಷಯಕ್ಕೆ ಬರುತ್ತೇನೆ.

ಕೊಟ್ರಮ್ಮ ಹರಿಹರದವರು, ಎಪ್ಪತ್ತರ ಆಸುಪಾಸು. ರಕ್ತ ಕಡಿಮೆಯಾಗಿ, ಏದುಸಿರು ಬಂದು, ತೋರಿಸಿಕೊಂಡರೆ ದೊಡ್ಡ ಕರುಳಿನ ಬಲಭಾಗದಲ್ಲಿ ಗೆಡ್ಡೆ. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಗೆಡ್ಡೆ ನನ್ನ ಮೇಜಿಗೆ ಬಂದಾಗ ಅದರ ತುಂಬ ಲೋಳೆ. ಎಂಎಲ್‌ಎಚ್ ಒಂದನ್ನು ಹುಡುಕಿದೆವು, ಖಾಲಿ. ವಯಸ್ಸು ನೋಡಿದರೆ, ಗೆಡ್ಡೆಯ ಜಾಗ ನೋಡಿದರೆ ಇದು ಬಾಯಿ ಮುಚ್ಚಿಸಿಕೊಂಡ ಜೀನೇ ಇರಬೇಕೆಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಬರೆಯುವ ಹಾಗಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯಲು ಮುಂದಿನ ಪರೀಕ್ಷೆ ಬೇಕು ಎಂದು ಬರೆದು ಕಳಿಸಿದೆ.

ನಮ್ಮ ಕಡೆ ಒಂದು ಪದ್ಧತಿ ಇದೆ, ನೀನೂ ನೋಡಿರುತ್ತೀಯ. ಕಾಯಿಲೆಯ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ. ಮನೆಯ ಗಂಡಸೊಬ್ಬರನ್ನು ಕಾರಿಡಾರಿಗೆ ಕರೆದು, ಗೋಡೆಗೆ ಒರಗಿ ನಿಂತು, ದನಿ ತಗ್ಗಿಸಿ ಹೇಳುವುದು. ಅವರು ತಮಗೆ ಅರ್ಥವಾದಷ್ಟನ್ನು ಮನೆಗೆ ಒಯ್ಯುತ್ತಾರೆ. ಅಂದು ಕಾರಿಡಾರಿನಲ್ಲಿ ಸಿಕ್ಕಿದ್ದು ಕೊಟ್ರಮ್ಮನವರ ತಮ್ಮ ಬಸವರಾಜಪ್ಪ. ಮಲೆಬೆನ್ನೂರಿನಲ್ಲಿ ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವ ಭಾರಿ ಆಸಾಮಿ, ಅಕ್ಕನೆಂದರೆ ಪ್ರಾಣ. ನಮ್ಮ ಹೊಸ ಸರ್ಜನ್ ಹುಡುಗ ಆತುರದಲ್ಲಿದ್ದ. "ಇದು ಫ್ಯಾಮಿಲೀಲಿ ಬರೋದು ಇರ್ಬಹುದು, ಹೆಣ್ಮಕ್ಕಳಿಗೆ ಗರ್ಭಕೋಶಕ್ಕೂ ಬರ್ಬಹುದು" ಎಂದು ಹೇಳಿ ಥಿಯೇಟರಿಗೆ ಓಡಿದ. ಹೇಳಿದ ಮಾತು ಸುಳ್ಳಲ್ಲ. ಆದರೆ ಅದರಲ್ಲಿದ್ದ 'ಬಹುದು' ಮಲೆಬೆನ್ನೂರು ಮುಟ್ಟಲಿಲ್ಲ.

ಕೆಲವು ದಿನದ ಮೇಲೆ ಬೆಂಗಳೂರಿಗೆ ಬ್ಲಾಕ್ ಒಯ್ಯಲು ಕೊಟ್ರಮ್ಮನವರ ಗಂಡ ಹಾಲಪ್ಪ ಮತ್ತು ಮಗಳು ನೇತ್ರಾ ಲ್ಯಾಬಿಗೆ ಬಂದರು. ಹಾಲಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲಿನ ವಿಭಾಗದಲ್ಲಿದ್ದವರು. ಗಿರಣಿ ಮುಚ್ಚಿದ ಮೇಲೆ ಹರಿಹರಕ್ಕೆ ಹೋಗಿ ಅಲ್ಲಿ ಇಲ್ಲಿ ದುಡಿದು ಜೀವನ ನಡೆಸಿದ್ದರು. ನೇತ್ರಾ ಮೂವತ್ತು ದಾಟಿದ ಹೆಂಗಸು, ಹರಿಹರದಲ್ಲೇ ಬ್ಲೌಸ್ ಹೊಲಿಯುತ್ತಾಳೆ, ಗಂಡ ಲೇತ್ ಕೆಲಸದವನು. ನಾಗರಾಜ ಬ್ಲಾಕನ್ನು ಹಾಲಪ್ಪನವರಿಗೆ ಕೊಡುತ್ತಿದ್ದಾಗ ನೇತ್ರಾ ನನ್ನ ಬಾಗಿಲ ಹತ್ತಿರ ಬಂದು ನಿಂತಳು.

"ಮೇಡಂ, ಒಂದು ಕೇಳ್ಲೇನ್ರೀ? ಆಪರೇಷನ್ ಆದ್ಮ್ಯಾಲೆ ಎಷ್ಟು ದಿನಕ್ಕೆ ಮಿಷನ್ ತುಳೀಬಹುದು?"

"ನಿಮ್ಮ ತಾಯಿ ಹೊಲಿಗೆ ಮಿಷನ್ ತುಳೀತಾರಾ? ಈಗ್ಲೇ ಬೇಡಮ್ಮಾ."

"ಅವ್ವಂದಲ್ರೀ. ನಂದು. ಗರ್ಭಕೋಶ ತೆಗಿಸಾಕ ಡೇಟ್ ಕೊಟ್ಟಾರೆ. ಬಸವರಾಜ ಮಾವ ಎಲ್ಲಾ ಮಾತಾಡ್ಯಾರೆ."

ನಾನು ಮೈಕ್ರೋಸ್ಕೋಪಿನಿಂದ ಎದ್ದು, ಅವಳನ್ನು ಒಳಗೆ ಕರೆದು ಕೂರಿಸಿದೆ. ಎಷ್ಟು ಮಕ್ಕಳೆಂದು ಕೇಳಿದೆ. ಇಲ್ಲವೆಂದಳು. ಒಂದು ಸಲ ಬಸಿರಾಗಿತ್ತು, ಐದನೇ ತಿಂಗಳಲ್ಲಿ ಹೋಯಿತು. ಮತ್ತೆ ಆಗಬಹುದೆಂದು ಡಾಕ್ಟರು ಹೇಳಿದ್ದರು, ಗಂಡ ಹೆಂಡತಿ ಕಾಯುತ್ತಿದ್ದರು. ಹೇಳುವಾಗ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

"ನಿಮಗೆ ಮನಸ್ಸಿದೆಯಾ ಇದಕ್ಕೆ?"

"ಮನಸ್ಸು ಯಾರಿಗಿರ್ತತ್ರೀ? ಅವ್ವನ್ನ ನೋಡೀನಲ್ಲ, ಹೆದ್ರಿಕಿ ಆಗ್ತತಿ. ಅವ್ವಂಗೆ ಇದೇನೂ ಹೇಳಿಲ್ಲ. ಆದ್ರೂ ಅಕಿ ನನ್ನ ಮುಖ ನೋಡಿ ಮಾತಾಡಂಗಿಲ್ಲ ಈಗ. ದಿನಾ ನಾನೇ ತಲೆ ಬಾಚ್ತಿದ್ದೆ, ಈಗ ಮುಟ್ಟಿಸ್ಕಣಂಗಿಲ್ಲ. ತಾನೇ ಕೂದ್ಲು ಗಂಟು ಹಾಕ್ಕಂಡು ಮೂಲಿ ಹಿಡಿದಾಳೆ."

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಬೆಂಗಳೂರಿನ ಪರೀಕ್ಷೆ ಬರುವವರೆಗೆ ಆಪರೇಷನ್ ಬೇಡ ಎಂದೆ. ಅವಳು ಹೊರಗೆ ಹೋಗಿ ಫೋನು ಹಚ್ಚಿದಳು. ದಾವಣಗೆರೆಯಲ್ಲೇ ಇದ್ದ ಬಸವರಾಜಪ್ಪ ಸ್ವಲ್ಪ ಹೊತ್ತಿಗೆ ಬಿಳಿ ಅಂಗಿಯಲ್ಲಿ ಬೆವರುತ್ತಾ ಬಂದರು.

"ಅಲ್ರೀ ಮೇಡಂ, ಅಕ್ಕನ್ನ ಅಂತೂ ಕೊಯ್ಸಿದ್ವಿ. ಈ ಹುಡುಗೀನಾದ್ರೂ ಉಳೀಲಿ ಅಂತ ನಾನು ಓಡಾಡಾಕತ್ತೀನಿ. ಕಾಯ್ರಿ ಅಂತೀರಲ್ಲ, ಏನೂ ಆಗಂಗಿಲ್ಲ ಅಂತ ನೀವು ಗ್ಯಾರಂಟಿ ಕೊಡ್ತೀರೇನು?"

"ಗ್ಯಾರಂಟಿ ಕೊಡೋಕೆ ನನಗೆ ಬರಲ್ಲ ಬಸವರಾಜಪ್ಪನವರೇ. ಪರೀಕ್ಷೆ ನೀವು ಹೆದರಿದ ಹಾಗೇ ಬಂದ್ರೂ ಬರಬಹುದು. ಆದ್ರೆ ತೆಗೆದ ಮೇಲೆ ತಿರುಗಿ ಇಡೋಕೆ ಆಗಲ್ಲ."

ಅವರು ಹೆಗಲ ಟವಲಿನಿಂದ ಬೆವರು ಒರೆಸಿಕೊಂಡರು. ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಅವಸರ ಮಾಡುತ್ತಿದ್ದರು. "ಆತು. ಬೆಂಗ್ಳೂರಿಂದ ಬರೋಮಟ ಮುಂದಕ್ಕೆ ಹಾಕಿಸ್ತೀನಿ. ಅದರಾಗೂ ಹಿಂಗೇ ಅಂತ ಬಂದ್ರ ಮತ್ತ ಯಾರ ಮಾತೂ ಕೇಳಂಗಿಲ್ಲ" ಎಂದು ಹೇಳಿ ಹೋದರು. ಈಗ ಎಲ್ಲವೂ ಹಾಲಪ್ಪನವರ ಜೇಬಿನಲ್ಲಿದ್ದ ಮೇಣದ ಬಿಲ್ಲೆಯ ಮೇಲೆ ನಿಂತಿತ್ತು. ಬೇರೆ ಬ್ಲಾಕುಗಳೂ ನಮ್ಮಲ್ಲಿದ್ದವು, ಆದರೆ ಅವುಗಳಲ್ಲಿ ಬರೀ ಲೋಳೆ. ಗೆಡ್ಡೆಯ ಜೀವಕೋಶಗಳು ದಟ್ಟವಾಗಿ ಸಿಕ್ಕಿದ್ದು ಇದೊಂದರಲ್ಲೇ.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವಾಗಲೇ ಹಾಲಪ್ಪ ನಿಂತಿದ್ದರು. ಬೆಂಗಳೂರಿಗೆ ಹೊರಟವರು, ಕಾಗದಕ್ಕೆ ಒಂದು ಸಹಿ ಬಿಟ್ಟುಹೋಗಿದೆ ಎಂದು ಹರಿಹರದಿಂದ ಬಂದು ಇಲ್ಲಿ ಇಳಿದಿದ್ದರು. ಸಹಿ ಹಾಕಿ, ಬ್ಲಾಕ್ ಹುಷಾರಾಗಿದೆಯೇ ಎಂದು ಕೇಳಿದೆ. ಅವರು ಜೇಬಿನಿಂದ ಸುಣ್ಣದ ಡಬ್ಬಿಯಂಥ ಸಣ್ಣ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಒಳಗೆ ಹಳದಿ ಬಟ್ಟೆಯ ಗಂಟು. ಗಂಟಿನೊಳಗೆ ಒಣಗಿದ ಹುಣಿಸೆ ಚೂರಿನಂಥದ್ದೊಂದು ತುಣುಕು.

"ಮೇಣ ಎಲ್ಲಿ ಹಾಲಪ್ಪನವರೇ?"

"ತೆಗೆದೆನ್ರೀ. ಬ್ಲೇಡಿನಾಗೆ ಕೆರೆದು, ಬಿಸಿನೀರಾಗೆ ತೊಳೆದು ಸ್ವಚ್ಛ ಮಾಡೀನಿ. ಗಿರಣ್ಯಾಗೆ ಹತ್ತಿ ಸ್ಯಾಂಪಲ್ ಕಳಿಸಬೇಕಾದ್ರೆ ಕಸ ಕಡ್ಡಿ ಆರಿಸೇ ಕಳಿಸ್ತಿದ್ವಿ. ಹಂಗೇ ಕಳಿಸಿದ್ರೆ ಬೆಂಗ್ಳೂರಿನವರು ತಿರುಗಿ ಎಸೀತಿದ್ರು. ಕೆಡಬಾರದು ಅಂತ ಚೂರು ಅರಿಶಿಣನೂ ಹಚ್ಚೀನಿ."

ನಾಗರಾಜ ನನ್ನ ಹಿಂದೆ ಬಂದು ನೋಡಿದವನು, "ಅಯ್ಯೋ ಯಜಮಾನ್ರೇ" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟ. ಮೇಣದ ಬೆನ್ನಿಗೆ ಅಂಟಿದ್ದ, ನಂಬರ್ ಬರೆದಿದ್ದ ಪ್ಲಾಸ್ಟಿಕ್ ತಟ್ಟೆಯನ್ನೂ ಹಾಲಪ್ಪ ಕಸವೆಂದು ಬಿಸಾಕಿ ಬಂದಿದ್ದರು. ನಮ್ಮಿಬ್ಬರ ಮುಖ ನೋಡಿ ಅವರ ಮುಖ ಬಿಳಿಚಿಕೊಂಡಿತು.

"ಏನಾತ್ರೀ? ಕೆಡಿಸಿದೆನಾ? ನನ್ನ ಮಗಳ ಬಾಳು ನಾನೇ ಕೆಡಿಸಿದೆನೇನ್ರೀ?"

ದೊಡ್ಡ ಸರ್ ನೆನಪಾದರು. ಬ್ಲಾಕಿನ ಮೇಲೆ ನಾವು ಯಾವ ಚೀಟಿಯನ್ನೂ ಅಂಟಿಸಿರಲಿಲ್ಲ. "ಕೂಡ್ರಿ ಹಾಲಪ್ಪನವರೇ, ಕಾಫಿ ಕುಡಿಯೋಣ" ಎಂದೆ. ನಾಗರಾಜ ಅಷ್ಟರಲ್ಲಿ ಎದ್ದು ಕೈಗವಸು ಹಾಕಿಕೊಂಡಿದ್ದ. ಅರಿಶಿಣ ಹೋಗುವವರೆಗೆ ತುಣುಕನ್ನು ತೊಳೆದ. ಆಮೇಲೆ ಹೊಸದಾಗಿ ಬಂದ ತುಂಡಿಗೆ ಮಾಡುವ ಎಲ್ಲ ಉಪಚಾರವನ್ನೂ ಅದಕ್ಕೆ ಮಾಡಿ ಮತ್ತೆ ಮೇಣದಲ್ಲಿ ಕೂರಿಸಿದ. ಅದು ಮುಗಿಯುವವರೆಗೆ ಹಾಲಪ್ಪ ನಮ್ಮ ಬೆಂಚು ಬಿಟ್ಟು ಏಳಲಿಲ್ಲ. ಊಟಕ್ಕೆ ಕರೆದರೂ ಬರಲಿಲ್ಲ.

ನಂಬರ್ ಕಳೆದುಹೋದ ತುಣುಕು ಕೊಟ್ರಮ್ಮನವರದೇ ಎಂದು ನಾನು ಖಾತ್ರಿ ಮಾಡಿಕೊಳ್ಳಬೇಕಲ್ಲ. ಹೊಸ ಬ್ಲಾಕಿನಿಂದ ಒಂದು ಪೊರೆ ಹೆರೆದು ಬಣ್ಣ ಕೊಟ್ಟು, ಹಳೆಯ ಸ್ಲೈಡಿನ ಪಕ್ಕದಲ್ಲಿಟ್ಟು ನೋಡಿದೆ. ಅಂಚುಗಳು ಒಡೆದಿದ್ದವು, ನಡುವೆ ಬಿರುಕು. ಆದರೂ ಲೋಳೆಯ ನಡುವೆ ಮೂರು ಕವಲಾಗಿ ಒಡೆದ ಒಂದು ರಕ್ತನಾಳ ಎರಡರಲ್ಲೂ ಒಂದೇ ಜಾಗದಲ್ಲಿತ್ತು. ಅದರ ಬುಡದಲ್ಲಿ ಗೆಡ್ಡೆಯ ಜೀವಕೋಶಗಳು ಮೊದಲಿನಂತೆಯೇ ಗುಂಪುಗೂಡಿದ್ದವು. ಸಂತೆಯಲ್ಲಿ ಪರಿಚಯದವರು ಸಿಕ್ಕಷ್ಟು ಖುಷಿಯಾಯಿತು. ಹಾಲಪ್ಪನವರನ್ನೂ ಕರೆದು ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಇದು ನಮ್ಮಾಕೀನೇ ಏನ್ರೀ?" ಎಂದು ಕೇಳಿದರು.

ಬೆಂಗಳೂರಿಗೆ ಆ ಬ್ಲಾಕನ್ನು ನಾಗರಾಜನೇ ಒಯ್ದ. ಹೋಗುವ ಮೊದಲು ಒಂದು ಚೀಟಿ ಬರೆದು ಅಂಟಿಸಿದ್ದ: "ಮೇಣ ತೆಗೆಯಬೇಡಿ." ಅವನ ಕೈಯಲ್ಲೇ ಇದ್ದ ಬ್ಲಾಕಿಗೆ ಅದು ಯಾಕೆ ಬೇಕಿತ್ತೋ ಗೊತ್ತಿಲ್ಲ. ನೀನು ಈಗ ಪ್ರತಿ ಪೊಟ್ಟಣದ ಮೇಲೆ ನೋಡುತ್ತೀಯಲ್ಲ, ಆ ಚೀಟಿ ಅಂದಿನಿಂದ ಬಂದದ್ದು.

ಆಮೇಲಿನ ವಾರಗಳಲ್ಲಿ ನಾನು ಕೆಲಸ ಮಾಡುತ್ತಲೇ ಇದ್ದೆ, ಮನಸ್ಸು ಮಾತ್ರ ಫೋನಿನ ಕಡೆಗಿತ್ತು. ಕೆರೆದು ತೊಳೆದು ಅರಿಶಿಣ ಹಚ್ಚಿದ ತುಣುಕಿನಿಂದ ಡಿಎನ್‌ಎ ಸಿಗುತ್ತದೋ ಇಲ್ಲವೋ. ಸಿಕ್ಕರೂ ನನ್ನ ಅನಿಸಿಕೆ ತಪ್ಪಾಗಿದ್ದರೆ? ನೇತ್ರಾಗೆ ಕಾಯಲು ಹೇಳಿದವಳು ನಾನು. ಒಂದು ದಿನ ಬಸವರಾಜಪ್ಪ ಫೋನು ಮಾಡಿ, "ಏನಾರ ಬಂತೇನ್ರೀ?" ಎಂದು ಕೇಳಿದರು. ಇಲ್ಲ ಎಂದೆ. "ಆತು ಬಿಡ್ರಿ" ಎಂದು ಇಟ್ಟುಬಿಟ್ಟರು. ಆ ದನಿ ಸಂಜೆವರೆಗೆ ಕಿವಿಯಲ್ಲಿ ಉಳಿಯಿತು.

ಕಡೆಗೊಮ್ಮೆ ವರದಿ ಬಂತು. ಎಂಎಲ್‌ಎಚ್ ಒಂದರ ಬಾಗಿಲ ತುಂಬ ಮೀಥೈಲ್. ಜೊತೆಗೆ ಇನ್ನೊಂದು ಜೀನಿನಲ್ಲಿ, ವಂಶದಿಂದ ಬರುವ ಬಗೆಯಲ್ಲಿ ಸಾಮಾನ್ಯವಾಗಿ ಕಾಣದ ಒಂದು ಬದಲಾವಣೆಯೂ ಸಿಕ್ಕಿತ್ತು. ಎರಡೂ ಸೇರಿದರೆ ವಂಶದ ಮಾತು ಹೆಚ್ಚುಕಡಿಮೆ ಮುಗಿದ ಹಾಗೆ. ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಜೋರಾಗಿ ನಕ್ಕೆ. ನಾಗರಾಜ ಓಡಿಬಂದ.

ಫೋನು ತೆಗೆದು ಹರಿಹರಕ್ಕೆ ಮಾಡಿದೆ. ಎಲ್ಲರೂ ಬನ್ನಿ, ಕೊಟ್ರಮ್ಮನವರನ್ನೂ ಕರೆದುಕೊಂಡು ಬನ್ನಿ ಎಂದೆ. ಹಾಲಪ್ಪ ತಡವರಿಸಿದರು. "ಆಕಿ ಮುಂದೆ ಬ್ಯಾಡ್ರೀ ಮೇಡಂ. ಆಕೀಗೆ ಏನೂ ಗೊತ್ತಿಲ್ಲ." ಗೊತ್ತಿಲ್ಲದವರು ಮಗಳ ಕೈಯಿಂದ ತಲೆ ಬಾಚಿಸಿಕೊಳ್ಳುವುದನ್ನು ಯಾಕೆ ಬಿಟ್ಟರು ಎಂದು ಕೇಳಿದೆ. "ಕರ್ಕಂಡು ಬರ್ತೀನ್ರೀ" ಎಂದರು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಕೇಳುತ್ತೀಯ. ನೇತ್ರಾ ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ತಾಯಿಗೆ ಕರುಳಿನ ಕ್ಯಾನ್ಸರ್ ಆಗಿದ್ದರಿಂದ ಮಗಳೂ ಕಾಲಕಾಲಕ್ಕೆ ತೋರಿಸಿಕೊಳ್ಳಬೇಕು ಎಂದಿದ್ದೆ, ತಪ್ಪದೆ ತೋರಿಸಿಕೊಳ್ಳುತ್ತಾಳೆ. ಮಗು ಇನ್ನೂ ಆಗಿಲ್ಲ. "ಆಗ್ಲಿ, ಆಗದಿರ್ಲಿ, ನನ್ನ ಮೈ ನನ್ನ ತಾವ ಐತಲ್ರೀ" ಎನ್ನುತ್ತಾಳೆ. ನನ್ನ ಬ್ಲೌಸುಗಳನ್ನು ಈಗ ಅವಳೇ ಹೊಲಿಯುವುದು, ಬೇಡವೆಂದರೂ ತೋಳಿಗೆ ಅಂಚು ಕೊಡುತ್ತಾಳೆ. ಕೊಟ್ರಮ್ಮ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ.

ಫೋನು ಮಾಡಿದ ಮರುದಿನ ಅವರೆಲ್ಲ ಬಂದರು. ನಮ್ಮ ಲ್ಯಾಬಿನಲ್ಲಿ ರೋಗಿಯನ್ನು ಕೂರಿಸಲು ಒಂದು ಸರಿಯಾದ ಕುರ್ಚಿ ಇರಲಿಲ್ಲ. ನಾಗರಾಜ ತನ್ನ ಸ್ಟೂಲ್ ಒರೆಸಿ ಹಾಕಿದ. ಕೊಟ್ರಮ್ಮನವರನ್ನು ನಾನು ಮೊದಲ ಸಲ ನೋಡಿದ್ದು ಆಗ. ಅವರ ಕರುಳನ್ನು ಬೆರಳಿನಿಂದ ಮುಟ್ಟಿ ನೋಡಿದವಳಿಗೆ ಅವರ ಹಣೆಯ ಕುಂಕುಮ, ಸೊರಗಿದ ಕೈ, ಹೇಗೋ ಗಂಟು ಹಾಕಿದ ಕೂದಲು ಎಲ್ಲವೂ ಹೊಸದು. ಅವರು ಗೋಡೆಯ ಕಡೆ ಮುಖ ಮಾಡಿ ಕೂತರು. ನೇತ್ರಾ ಹಿಂದೆ ನಿಂತಳು. ಬಸವರಾಜಪ್ಪ ಬಾಗಿಲಲ್ಲೇ ಉಳಿದರು.

ಹೇಗೆ ಹೇಳಬೇಕೆಂದು ರಾತ್ರಿಯೆಲ್ಲ ಯೋಚಿಸಿದ್ದೆ, ಆದರೂ ತೊದಲಿದೆ. ಜೀನು, ಪ್ರೋಟೀನು ಎಂದು ಶುರುಮಾಡಿದರೆ ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಆಗ ಹಾಲಪ್ಪನವರ ಕಡೆ ತಿರುಗಿ, "ನಿಮ್ಮ ಗಿರಣಿ ಮುಚ್ಚಿದಾಗ ಒಳಗಿನ ಮಿಷನ್ ಕೆಟ್ಟಿದ್ವಾ?" ಎಂದು ಕೇಳಿದೆ.

"ಎಲ್ಲೀದ್ರೀ! ಎಣ್ಣಿ ಹಾಕಿ ಒರೆಸಿ ಇಟ್ಟಿದ್ವಿ. ಸ್ವಿಚ್ ಹಾಕಿದ್ರೆ ತಿರುಗ್ತಿದ್ವು. ಗೇಟಿಗೆ ಬೀಗ ಜಡಿದ್ರು, ಅಷ್ಟೇ. ಒಳಗೆ ಹೋಗಾಕ ಬಿಡ್ಲಿಲ್ಲ."

"ಇವರ ಕರುಳಿನಾಗೂ ಆಗಿದ್ದು ಅದೇ. ತಪ್ಪು ತಿದ್ದೋ ಒಂದು ಮಿಷನ್ ಇರ್ತದೆ. ಇವರದ್ದು ಕೆಟ್ಟಿಲ್ಲ. ವಯಸ್ಸಾದ ಮೇಲೆ ಕರುಳಿನ ಒಂದು ಜಾಗದಾಗೆ ಅದರ ಗೇಟಿಗೆ ಬೀಗ ಬಿತ್ತು. ತಿದ್ದೋರಿಲ್ಲದೆ ಗೆಡ್ಡೆ ಆತು."

ಹಾಲಪ್ಪ ಮಗಳ ಕಡೆ ನೋಡಿದರು. "ಹಂಗಾದ್ರೆ ನನ್ನ ಮಗಳಿಗೆ ಹೋಗಿದ್ದು?"

"ಚೆನ್ನಾಗಿರೋ ಮಿಷನ್. ನೇತ್ರಾ ಹುಟ್ಟಿ ಎಷ್ಟೋ ವರ್ಷದ ಮೇಲೆ ಇಲ್ಲಿ ಬೀಗ ಬಿದ್ದದ್ದು. ಅದು ಅವಳಿಗೆ ಹೋಗಿಲ್ಲ."

ಬಾಗಿಲಲ್ಲಿ ಬಸವರಾಜಪ್ಪ ಟವಲಿನಿಂದ ಮುಖ ಮುಚ್ಚಿಕೊಂಡರು. ನೇತ್ರಾ ಅಲ್ಲಾಡದೆ ನಿಂತಿದ್ದಳು. ಕೊಟ್ರಮ್ಮ ಮಾತ್ರ ನಿಧಾನವಾಗಿ ಗೋಡೆಯಿಂದ ತಿರುಗಿ ನನ್ನ ಮುಖವನ್ನೇ ನೋಡಿದರು.

"ನಾನು ನನ್ನ ಮಗಳಿಗೆ ಇದನ್ನ ಕೊಟ್ಟಿಲ್ಲೇನ್ರೀ?"

ಯಾರೂ ಅವರಿಗೆ ಹೇಳಿರಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು. ಅಷ್ಟು ದಿನ ಮೂಲೆಯಲ್ಲಿ ಕೂತು ಅವರು ಲೆಕ್ಕ ಹಾಕಿದ್ದು ತಮ್ಮ ಸಾವನ್ನಲ್ಲ ಎಂದು ನನಗೆ ಆಗ ತಿಳಿಯಿತು.

"ಇಲ್ಲ ಕೊಟ್ರಮ್ಮನವರೇ. ಕೊಟ್ಟಿಲ್ಲ."

"ಹಂಗಾದ್ರೆ ಈ ಕ್ಯಾನ್ಸರು ನಂದೊಂದೇ?"

"ನಿಮ್ಮದೊಂದೇ."

"ನಂದೊಂದೇ ಅಂತೆ ನೋಡ್ರೀ!" ಎಂದು ಗಂಡನ ಕಡೆ ತಿರುಗಿ, ಬಹುಮಾನ ಬಂದವರ ಹಾಗೆ ಬಾಯಿ ತುಂಬ ನಕ್ಕರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಕೈ ಹಿಂದೆ ಹಾಕಿ ಕೂದಲಿನ ಗಂಟು ಬಿಚ್ಚಿದರು.

"ಏನೇ ನೋಡ್ತಾ ನಿಂತೀದಿ? ಬಾಚಣಿಕಿ ಇಲ್ಲೇನು ಚೀಲದಾಗೆ? ತಲೆ ಬಾಚು ಬಾ, ಎಲ್ಲಾ ಸಿಕ್ಕಾಗೈತೆ."

ಫಾರ್ಮಲಿನ್ ಡಬ್ಬಿಗಳ ನಡುವೆ, ನಾಗರಾಜನ ಸ್ಟೂಲಿನ ಹಿಂದೆ ನಿಂತು, ನೇತ್ರಾ ತಾಯಿಯ ತಲೆ ಬಾಚಿದಳು.